ಬೆತ್ತವಿಲ್ಲದ ಗುರು: ಸಂತ ಜಾನ್ ಬೋಸ್ಕೊ

ಬೆಳಗಿನ ಎಂಟು ಗಂಟೆಯ ಹೊತ್ತಿಗೆ ಬೋಗಾದಿಯ ವರ್ತುಲ ರಸ್ತೆಯ ಬಳಿ ನಿಂತು ನೋಡಿದವರಿಗೆ ಶಾಲಾ ವಾಹನಗಳ ಸಾಲು ಕಾಣುತ್ತದೆ. ಒಂದು ಕಾಲಕ್ಕೆ ಹೊಲಗದ್ದೆಗಳ ನಡುವಣ ಹಳ್ಳಿಯಾಗಿದ್ದ ಬೋಗಾದಿಯು ಇಂದು ಮಾನಸಗಂಗೋತ್ರಿಯ ಆಚೆಗೆ ಬಡಾವಣೆ ಬಡಾವಣೆಯಾಗಿ ಹರಡಿಕೊಂಡಿದೆ. ಮನೆಗಳು ಹೆಚ್ಚಿದಂತೆ ಮಕ್ಕಳೂ, ಮಕ್ಕಳು ಹೆಚ್ಚಿದಂತೆ ಶಾಲೆಗಳೂ ಹೆಚ್ಚಿವೆ. ಈಚೆಗೆ ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಇಲ್ಲಿಯೇ ವಾಸವಾಗಿರುವ ಶಿಕ್ಷಕಿಯೊಬ್ಬರು ನಮ್ಮೊಡನೆ ತಮ್ಮ ಸಂಕಟವನ್ನು ತೋಡಿಕೊಂಡರು. ಮಕ್ಕಳು ಮಾತು ಕೇಳುವುದಿಲ್ಲ, ಹೊಡೆಯುವಂತಿಲ್ಲ, ಗದರಿಸಿದರೂ ಪೋಷಕರು ಜಗಳಕ್ಕೆ ಬರುತ್ತಾರೆ, ತರಗತಿಯನ್ನು ಹತೋಟಿಯಲ್ಲಿಡುವುದಾದರೂ ಹೇಗೆ ಎಂಬುದು ಅವರ ಪ್ರಶ್ನೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ತಕ್ಷಣವೇ ತಮ್ಮ ಕಾಲದ ಬೆತ್ತದ ಮಹಿಮೆಯನ್ನು ವರ್ಣಿಸತೊಡಗಿದರು. ಕಣ್ಣೊಂದನ್ನು ಬಿಟ್ಟು ಬೇರೆಲ್ಲಿ ಬೇಕಾದರೂ ಹೊಡೆಯಿರಿ ಎಂದು ತಮ್ಮ ತಂದೆ ಮೇಷ್ಟರಿಗೆ ಒಪ್ಪಿಸಿ ಬಂದಿದ್ದರಂತೆ! ಆ ಶಿಕ್ಷಕಿಯ ಪ್ರಶ್ನೆಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಜನವರಿ 31ರ ಹಬ್ಬವು ಸಮೀಪಿಸುತ್ತಿದ್ದಂತೆ ಆ ಪ್ರಶ್ನೆಯು ಮತ್ತೆ ನೆನಪಾಯಿತು. ಅಂದು ಧರ್ಮಸಭೆಯು ಸ್ಮರಿಸುವ ಸಂತ ಜಾನ್ ಬೋಸ್ಕೊರವರು ತಮ್ಮ ಇಡೀ ಆಯುಷ್ಯವನ್ನು ಇದೇ ಪ್ರಶ್ನೆಯ ಜೊತೆಯಲ್ಲಿ ಕಳೆದವರು.

ಡಾನ್ ಬೋಸ್ಕೊ ಎಂಬ ಹೆಸರು ನಮ್ಮವರಿಗೆ ಹೊಸದೇನಲ್ಲ. ಆದರೆ ಡಾನ್ ಎಂದೊಡನೆ ಚಲನಚಿತ್ರಗಳ ಡಾನ್‌ಗಳು ನೆನಪಿಗೆ ಬರುವ ಕಾಲವಿದು! ಇಟಲಿಯಲ್ಲಿ ಅದು ಯಾಜಕರನ್ನು ಗೌರವದಿಂದ ಕರೆಯುವ ಮಾತು. ನಾವು ಫಾದರ್ ಅಥವಾ ಸ್ವಾಮಿಗಳು ಎನ್ನುವಂತೆ.

ಅವರು ಜನಿಸಿದ್ದು 1815ರ ಆಗಸ್ಟ್ 16ರಂದು, ಉತ್ತರ ಇಟಲಿಯ ಪಿಯೆಡ್‌ಮಾಂಟ್ ಪ್ರಾಂತ್ಯದ ಬೆಕ್ಕಿ ಎಂಬ ಕುಗ್ರಾಮದಲ್ಲಿ. ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ತಂದೆ ಫ್ರಾಂಚೆಸ್ಕೊ ತೀರಿಕೊಂಡರು. ವಯಸ್ಸಾದ ಅತ್ತೆ, ಗಂಡನ ಮೊದಲ ಹೆಂಡತಿಯ ಮಗ ಅಂತೋನಿಯೊ, ತಮ್ಮ ಇಬ್ಬರು ಗಂಡುಮಕ್ಕಳಾದ ಜೋಸೆಫ್ ಮತ್ತು ಜಾನ್, ಇವರೆಲ್ಲರ ಭಾರವೂ ತಾಯಿ ಮಾರ್ಗರೀತಳ ಹೆಗಲಿಗೆ ಬಿತ್ತು. ಅಕ್ಷರವರಿಯದ ಈ ರೈತ ಹೆಂಗಸೇ ಡಾನ್ ಬೋಸ್ಕೊರವರ ಮೊದಲ ಶಿಕ್ಷಣಶಾಸ್ತ್ರಜ್ಞೆ ಎಂದರೆ ಅತಿಶಯೋಕ್ತಿಯಲ್ಲ. ಆಕೆಯ ಅಡಿಗೆಮನೆಯ ಮೂಲೆಯಲ್ಲಿ ಸದಾ ಒಂದು ಬೆತ್ತವಿರುತ್ತಿತ್ತು. ಅದು ಅಲ್ಲಿದೆ ಎಂಬುದು ಮಕ್ಕಳಿಗೆ ಗೊತ್ತಿತ್ತು. ಆದರೆ ಆಕೆ ಅದನ್ನು ಕೈಗೆತ್ತಿಕೊಳ್ಳುತ್ತಿರಲಿಲ್ಲ. ಜಾನ್‌ಗೆ ಎಂಟು ವರ್ಷವಿದ್ದಾಗ ಮನೆಯಲ್ಲಿ ಒಬ್ಬನೇ ಆಡುತ್ತಾ ಎಣ್ಣೆಯ ಭರಣಿಯನ್ನು ಕೆಡವಿ ಒಡೆದನಂತೆ. ನೆಲವನ್ನು ಎಷ್ಟು ಒರೆಸಿದರೂ ಕಲೆ ಹೋಗಲಿಲ್ಲ. ಆಗ ಅವನು ಹೊರಗೆ ಹೋಗಿ ಒಂದು ಕೋಲನ್ನು ಕಡಿದು, ತೊಗಟೆಯ ಮೇಲೆ ಚಿತ್ತಾರಗಳನ್ನು ಕೆತ್ತಿ, ಸಂತೆಯಿಂದ ಬರುತ್ತಿದ್ದ ತಾಯಿಗೆ ದಾರಿಯಲ್ಲೇ ಎದುರಾಗಿ ತನ್ನ ತಪ್ಪನ್ನು ಹೇಳಿ ಅದನ್ನು ಆಕೆಯ ಕೈಗಿತ್ತನು. ತಾಯಿ ಕೋಲನ್ನೂ ಮಗನ ಮುಖವನ್ನೂ ನೋಡಿ ನಕ್ಕುಬಿಟ್ಟಳು. ಏಟಿನ ಭಯದಿಂದ ಸುಳ್ಳು ಹೇಳುವ ಮಗುವಿಗೂ, ತಾನೇ ಬೆತ್ತವನ್ನು ತಂದೊಪ್ಪಿಸುವ ಮಗುವಿಗೂ ಎಷ್ಟು ಅಂತರವಿದೆ ಎಂಬುದನ್ನು ಮಕ್ಕಳನ್ನು ಸಾಕಿದವರು ಬಲ್ಲರು.

ಹಾಗೆಂದು ಜಾನ್ ಸಾಧು ಸ್ವಭಾವದ ಹುಡುಗನಾಗಿದ್ದನೆಂದು ಭಾವಿಸಬಾರದು. ಅವನದು ಬೆಂಕಿಯಂಥ ಕೋಪ, ಕಟ್ಟುಮಸ್ತಾದ ಮೈ. ಒಂಬತ್ತನೆಯ ವಯಸ್ಸಿನಲ್ಲಿ ಅವನಿಗೆ ಒಂದು ಕನಸು ಬಿತ್ತು. ಮನೆಯ ಬಳಿಯ ಅಂಗಳದಲ್ಲಿ ಹುಡುಗರು ಜಗಳವಾಡುತ್ತಾ ದೇವದೂಷಣೆ ಮಾಡುತ್ತಿದ್ದರು. ಜಾನ್ ಮುಷ್ಟಿ ಬಿಗಿದು ಅವರ ನಡುವೆ ನುಗ್ಗಿದನು. ಆಗ ತೇಜಸ್ವಿಯಾದ ಪುರುಷನೊಬ್ಬನು ಕಾಣಿಸಿಕೊಂಡು, ಗುದ್ದುಗಳಿಂದಲ್ಲ, ಸೌಮ್ಯತೆಯಿಂದಲೂ ಪ್ರೀತಿಯಿಂದಲೂ ಇವರನ್ನು ಗೆಲ್ಲಬೇಕೆಂದು ತಿಳಿಸಿದನು. ಬಳಿಕ ಒಬ್ಬ ಮಾತೆ ಕಾಣಿಸಿಕೊಂಡಳು. ಕಾಡುಮೃಗಗಳ ಹಿಂಡು ಅವನ ಕಣ್ಣೆದುರಿಗೇ ಕುರಿಮರಿಗಳ ಹಿಂಡಾಯಿತು. ಈ ಕನಸನ್ನು ಅವರು ಮುಂದೆ ಜಗದ್ಗುರು ಒಂಬತ್ತನೆಯ ಭಕ್ತಿನಾಥರ ಅಪ್ಪಣೆಯಂತೆ ಬರೆದ ತಮ್ಮ ಸ್ಮರಣೆಗಳಲ್ಲಿ ದಾಖಲಿಸಿದ್ದಾರೆ. ಕನಸಿನ ವಿಚಾರದಲ್ಲಿ ಓದುಗರು ತಮಗೆ ತೋರಿದಂತೆ ತಿಳಿಯಲಿ. ನಮಗೆ ಮುಖ್ಯವಾಗಿ ಕಾಣುವುದು ಆ ಮುಷ್ಟಿ. ಮೊದಲು ಪಳಗಬೇಕಾಗಿದ್ದುದು ಹುಡುಗರಲ್ಲ, ಅವರನ್ನು ತಿದ್ದಹೊರಟ ಜಾನ್ ತಾನೇ.

ಆ ಪಳಗುವಿಕೆಯು ಒಂದು ದಿನದಲ್ಲಿ ಆಗಲಿಲ್ಲ. ಓದಬೇಕೆಂಬ ಆಸೆಗೆ ಅಣ್ಣ ಅಂತೋನಿಯೊ ಅಡ್ಡಬಂದುದರಿಂದ ಹನ್ನೆರಡರ ಹುಡುಗ ಮನೆ ಬಿಟ್ಟು ಮೊಲಿಯ ಎಂಬ ರೈತರ ಮನೆಯಲ್ಲಿ ಸುಮಾರು ಎರಡು ವರ್ಷ ಜೀತದಂತೆ ದುಡಿದನು. ಆಮೇಲೆ ಅಕ್ಕರೆಯಿಂದ ಪಾಠ ಹೇಳಿದ ವೃದ್ಧ ಯಾಜಕ ಡಾನ್ ಕಲೊಸ್ಸೊರವರು ಒಂದೇ ವರ್ಷದಲ್ಲಿ ನಿಧನರಾದರು. 1831ರಲ್ಲಿ ಕಿಯೇರಿ ಪಟ್ಟಣದ ಶಾಲೆಗೆ ಸೇರಿದಾಗ ಹದಿನಾರರ ಈ ತರುಣ ತನಗಿಂತ ಎಷ್ಟೋ ಚಿಕ್ಕ ಮಕ್ಕಳ ನಡುವೆ ಕುಳಿತು ಕಲಿಯಬೇಕಾಯಿತು. ಹೊಟ್ಟೆಪಾಡಿಗಾಗಿ ಹೊಲಿಗೆಯವರ ಬಳಿಯೂ ಕಾಫಿ ಅಂಗಡಿಯಲ್ಲಿಯೂ ದುಡಿದುದುಂಟು. ಅಲ್ಲಿಯೇ ಲೂಯಿಸ್ ಕೊಮೊಲ್ಲೊ ಎಂಬ ಮೃದು ಸ್ವಭಾವದ ಸಹಪಾಠಿಯ ಸ್ನೇಹವಾಯಿತು. ಒಂದು ದಿನ ಉಪಾಧ್ಯಾಯರು ಬರುವ ಮೊದಲು ಪುಂಡ ಹುಡುಗರು ಕೊಮೊಲ್ಲೊನನ್ನು ಹೊಡೆಯತೊಡಗಿದರು. ಜಾನ್‌ಗೆ ತಡೆಯಲಾಗಲಿಲ್ಲ. ಕೈಗೆ ದೊಣ್ಣೆ ಸಿಕ್ಕದ್ದರಿಂದ ಒಬ್ಬ ಹುಡುಗನನ್ನೇ ಭುಜ ಹಿಡಿದೆತ್ತಿ ಅವನನ್ನೇ ದೊಣ್ಣೆಯಾಗಿ ಬೀಸಿ ಉಳಿದವರನ್ನು ಕೆಡವಿದನು! ಪೆಟ್ಟು ತಿಂದಿದ್ದ ಕೊಮೊಲ್ಲೊ ಆಮೇಲೆ ಗೆಳೆಯನನ್ನು ಹೊಗಳಲಿಲ್ಲ. ದೇವರು ಕೊಟ್ಟ ಬಲವು ಜೊತೆಯವರನ್ನು ಸದೆಬಡಿಯುವುದಕ್ಕಲ್ಲ ಎಂದು ಮೆಲ್ಲಗೆ ಎಚ್ಚರಿಸಿದನು. ಈ ಪ್ರಸಂಗವನ್ನು ಬರೆದಿಟ್ಟವರು ಸ್ವತಃ ಡಾನ್ ಬೋಸ್ಕೊರವರೇ ಎಂಬುದು ಗಮನಾರ್ಹ.

ಬಾಲ್ಯದ ಇನ್ನೊಂದು ನೋವೂ ಅವರಲ್ಲಿ ಉಳಿದಿತ್ತು. ಊರಿನ ಯಾಜಕರು ಎದುರಿಗೆ ಬಂದಾಗ ಈ ಹುಡುಗ ನಮಸ್ಕರಿಸುತ್ತಿದ್ದನು. ಅವರು ಗಾಂಭೀರ್ಯದಿಂದ ಪ್ರತಿವಂದನೆ ಮಾಡಿ ಮುಂದೆ ನಡೆಯುತ್ತಿದ್ದರು. ಒಂದು ಒಳ್ಳೆಯ ಮಾತಿಗೆ ನಿಲ್ಲುತ್ತಿರಲಿಲ್ಲ. ತಾನು ಯಾಜಕನಾದರೆ ಹೀಗಿರುವುದಿಲ್ಲ ಎಂದು ಹುಡುಗ ತಾಯಿಯ ಮುಂದೆ ಹೇಳಿಕೊಂಡಿದ್ದನು.

1841ರ ಜೂನ್ 5ರಂದು ತುರಿನ್ ನಗರದಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ಕಾರ್ಖಾನೆಗಳೂ ಕಟ್ಟಡಗಳೂ ಏಳುತ್ತಿದ್ದ ಆ ನಗರಕ್ಕೆ ಹಳ್ಳಿಗಳಿಂದ ಹುಡುಗರು ಕೆಲಸ ಹುಡುಕಿಕೊಂಡು ಬರುತ್ತಿದ್ದರು. ಡಾನ್ ಕಫಾಸ್ಸೊರವರ ಮಾರ್ಗದರ್ಶನದಲ್ಲಿ ಸೆರೆಮನೆಗಳಿಗೆ ಹೋಗತೊಡಗಿದ ಹೊಸ ಯಾಜಕರು ಅಲ್ಲಿ ಹನ್ನೆರಡರಿಂದ ಹದಿನೆಂಟು ವಯಸ್ಸಿನ ಹುಡುಗರನ್ನು ಕಂಡರು. ಗಟ್ಟಿಮುಟ್ಟಾದವರು, ಚುರುಕು ಬುದ್ಧಿಯವರು. ಆದರೆ ಕೆಲಸವಿಲ್ಲದೆ ಹುಳುಕಡಿತದಲ್ಲಿ ಕೊಳೆಯುತ್ತಿದ್ದರು. ಬಿಡುಗಡೆಯಾಗಿ ಹೋದವರೇ ಮತ್ತೆ ಮರಳಿ ಬರುತ್ತಿದ್ದರು. ಹೊರಗೆ ಅವರಿಗೆ ಒಬ್ಬ ಸ್ನೇಹಿತನಿದ್ದಿದ್ದರೆ ಹೀಗಾಗುತ್ತಿತ್ತೇ ಎಂಬ ಪ್ರಶ್ನೆ ಡಾನ್ ಬೋಸ್ಕೊರವರನ್ನು ಕಾಡಿತು.

ಅದೇ ವರ್ಷದ ಡಿಸೆಂಬರ್ 8, ಅಮಲೋದ್ಭವ ಮಾತೆಯ ಮಹೋತ್ಸವ. ಅಸ್ಸಿಸಿಯ ಸಂತ ಫ್ರಾನ್ಸಿಸರ ದೇವಾಲಯದಲ್ಲಿ ಡಾನ್ ಬೋಸ್ಕೊರವರು ಪೂಜಾವಸ್ತ್ರಗಳನ್ನು ಧರಿಸುತ್ತಿದ್ದರು. ಹೊರಗಿನ ಚಳಿಗೆ ಒಳಬಂದು ಮೂಲೆಯಲ್ಲಿ ನಿಂತಿದ್ದ ಹುಡುಗನೊಬ್ಬನಿಗೆ ದೇವಾಲಯದ ಪರಿಚಾರಕನು ಪೂಜೆಗೆ ಸಹಾಯ ಮಾಡಲು ಹೇಳಿದನು. ತನಗೆ ಬರುವುದಿಲ್ಲ ಎಂದನು ಹುಡುಗ. ಬಾರದಿದ್ದ ಮೇಲೆ ಇಲ್ಲೇಕೆ ಬಂದೆ ಎಂದು ಪರಿಚಾರಕನು ಧೂಳು ಹೊಡೆಯುವ ಪುಕ್ಕದ ಪೊರಕೆಯ ಹಿಡಿಯಿಂದ ಅವನ ಭುಜಗಳ ಮೇಲೂ ತಲೆಯ ಮೇಲೂ ಬಾರಿಸಿದನು. ಹುಡುಗ ಓಡಿದನು. ಡಾನ್ ಬೋಸ್ಕೊರವರು ಪರಿಚಾರಕನನ್ನು ಗದರಿಸಿ, ಅವನು ತಮ್ಮ ಸ್ನೇಹಿತನೆಂದು ಹೇಳಿ, ಕರೆತರುವಂತೆ ಆಜ್ಞಾಪಿಸಿದರು. ನಡುಗುತ್ತಾ ಬಂದ ಹುಡುಗನ ಹೆಸರು ಬಾರ್ತೊಲೊಮೆಯೊ ಗರೆಲ್ಲಿ. ವಯಸ್ಸು ಹದಿನಾರು, ಗಾರೆ ಕೆಲಸದವನು. ತಂದೆತಾಯಿಗಳಿಲ್ಲ, ಓದಲು ಬಾರದು, ಬರೆಯಲು ಬಾರದು, ಹಾಡಲು ಬಾರದು. ಸಿಳ್ಳೆ ಹಾಕಲು ಬರುತ್ತದೆಯೇ ಎಂದು ಯಾಜಕರು ಕೇಳಿದಾಗ ಹುಡುಗ ಮೊದಲ ಬಾರಿಗೆ ನಕ್ಕನು. ಆ ನಗೆಯ ನಂತರ ಇಬ್ಬರೂ ಮೊಣಕಾಲೂರಿ ನಮೋ ಮರಿಯ ಪ್ರಾರ್ಥನೆಯನ್ನು ಹೇಳಿದರು. ಮುಂದಿನ ಭಾನುವಾರ ಗರೆಲ್ಲಿ ಒಬ್ಬನೇ ಬರಲಿಲ್ಲ, ಜೊತೆಗಾರರನ್ನೂ ಕರೆತಂದನು. ಇಂದು ಜಗತ್ತಿನ ಮೂಲೆಮೂಲೆಗಳಲ್ಲಿರುವ ಡಾನ್ ಬೋಸ್ಕೊ ಶಾಲೆಗಳ ಮೂಲವು ಇಲ್ಲಿದೆ: ಹೊಡೆತ ತಿಂದು ಓಡಿದ ಹುಡುಗನೊಬ್ಬನನ್ನು ವಾಪಸು ಕರೆದುದರಲ್ಲಿ.

ಹುಡುಗರ ಸಂಖ್ಯೆಯು ನೂರು ದಾಟಿ ಮುನ್ನೂರು, ನಾನೂರಕ್ಕೆ ಬೆಳೆಯಿತು. ಅವರ ಗದ್ದಲವನ್ನು ಯಾರೂ ಸಹಿಸಲಿಲ್ಲ. ಗಿರಣಿಯ ಬಳಿಯಿಂದ ಓಡಿಸಿದರು, ಸ್ಮಶಾನದ ಪ್ರಾರ್ಥನಾಲಯದಿಂದ ಓಡಿಸಿದರು. ಕೊನೆಗೆ ಬಾಡಿಗೆಗೆ ಹಿಡಿದಿದ್ದ ಹುಲ್ಲುಗಾವಲಿನ ಒಡೆಯರೂ ಹುಡುಗರ ತುಳಿತಕ್ಕೆ ಹುಲ್ಲಿನ ಬೇರುಗಳೇ ಸಾಯುತ್ತಿವೆ ಎಂದು ಜಾಗ ಬಿಡಿಸಿದರು. ಇವರಿಗೆ ಹುಚ್ಚು ಹಿಡಿದಿದೆಯೆಂದು ತಿಳಿದು ಆಸ್ಪತ್ರೆಗೆ ಸೇರಿಸಲು ಬಂದ ಮಿತ್ರರೂ ಉಂಟು. 1846ರ ಏಪ್ರಿಲ್‌ನಲ್ಲಿ ವಾಲ್ಡೊಕ್ಕೊ ಎಂಬಲ್ಲಿ ಪಿನಾರ್ದಿ ಎಂಬವರ ತಗ್ಗಾದ ಕೊಟ್ಟಿಗೆಯೊಂದು ಸಿಕ್ಕಿತು. ಮಾಲೀಕರು ಕೇಳಿದ ಬಾಡಿಗೆ ಮುನ್ನೂರು. ಕಾಸಿಗೆ ಕಾಸು ಕೂಡಿಸುತ್ತಿದ್ದ ಡಾನ್ ಬೋಸ್ಕೊರವರು ಮುನ್ನೂರ ಇಪ್ಪತ್ತು ಕೊಡುವುದಾಗಿ ಒಪ್ಪಿದರು. ಸುತ್ತಲಿನ ಖಾಲಿ ಜಾಗವನ್ನೂ ಹುಡುಗರ ಆಟಕ್ಕೆ ಬಿಟ್ಟುಕೊಡಬೇಕೆಂಬುದು ಅವರ ಷರತ್ತು. ಆಟದ ಬಯಲಿಲ್ಲದೆ ಪ್ರಾರ್ಥನೆಯ ಸೂರೊಂದೇ ಅವರಿಗೆ ಸಾಕಾಗಲಿಲ್ಲ. ಮೂರಂತಸ್ತಿನ ಕಟ್ಟಡ ಎಬ್ಬಿಸಿ, ಮಕ್ಕಳಿಗೆ ಓಡಲು ಹತ್ತು ಮಾರು ನೆಲವನ್ನೂ ಉಳಿಸದೆ, ಆಮೇಲೆ ಮಕ್ಕಳು ತರಗತಿಯಲ್ಲಿ ಕುಣಿಯುತ್ತಾರೆಂದು ದೂರುವ ಇಂದಿನ ಶಾಲಾ ಆಡಳಿತಗಾರರು ಈ ಇಪ್ಪತ್ತರ ಲೆಕ್ಕವನ್ನು ಒಮ್ಮೆ ಪರಿಶೀಲಿಸಬೇಕೆಂಬುದು ನಮ್ಮ ಬಿನ್ನಹ.

ಅದೇ ವರ್ಷ ನವೆಂಬರಿನಲ್ಲಿ ತಾಯಿ ಮಾರ್ಗರೀತಳು ಊರನ್ನು ಬಿಟ್ಟು ಮಗನ ನೆರವಿಗೆ ಬಂದಳು. ಮೊದಮೊದಲು ರಾತ್ರಿ ತಂಗಲು ಜಾಗ ಕೊಟ್ಟ ಹುಡುಗರು ಬೆಳಗಾಗುವುದರೊಳಗೆ ಕಂಬಳಿಗಳೊಡನೆ ಪರಾರಿಯಾಗಿದ್ದರು. ಆದರೂ 1847ರ ಒಂದು ಮಳೆಯ ರಾತ್ರಿ ತೊಯ್ದು ಬಂದ ಅನಾಥ ಬಾಲಕನಿಗೆ ತಾಯಿ ಅಡಿಗೆಮನೆಯಲ್ಲಿಯೇ ಹಾಸಿಗೆ ಮಾಡಿದಳು. ಮಲಗುವ ಮುನ್ನ ದುಡಿಮೆ, ಪ್ರಾಮಾಣಿಕತೆ, ದೈವಭಕ್ತಿಗಳ ಬಗ್ಗೆ ನಾಲ್ಕು ಮಾತು ಹೇಳಿದಳು. ಇಂದಿಗೂ ಸಲೇಸಿಯನ್ ವಿದ್ಯಾರ್ಥಿನಿಲಯಗಳಲ್ಲಿ ರಾತ್ರಿ ಹೇಳುವ ಶುಭರಾತ್ರಿಯ ಮಾತುಗಳಿಗೆ ಇದೇ ಮೂಲವೆನ್ನುತ್ತಾರೆ. ಆದರೆ ಆಕೆಗೂ ಸಾಕಾಗಿಹೋದ ದಿನವೊಂದಿತ್ತು. ಹುಡುಗರು ಯುದ್ಧದ ಆಟವಾಡುತ್ತಾ ಆಕೆ ಬೆವರು ಸುರಿಸಿ ಬೆಳೆಸಿದ ತರಕಾರಿ ಹಿತ್ತಲನ್ನು ತುಳಿದು ನೆಲಸಮ ಮಾಡಿದರು. ಊರಿಗೆ ಮರಳುತ್ತೇನೆಂದು ಆಕೆ ಹಟ ಹಿಡಿದಾಗ ಮಗ ಏನೂ ವಾದಿಸದೆ ಗೋಡೆಯ ಮೇಲಿದ್ದ ಶಿಲುಬೆಯತ್ತ ಕೈತೋರಿದನು. ತಾಯಿಯ ಕಣ್ಣು ತುಂಬಿತು. ಆಕೆ 1856ರಲ್ಲಿ ಸಾಯುವವರೆಗೂ ಅಲ್ಲಿಯೇ ಉಳಿದಳು. ಸಂತರ ತಾಯಿಗೇ ಹೀಗಾಗಿದ್ದ ಮೇಲೆ, ಬೋಗಾದಿಯ ಶಿಕ್ಷಕಿಯೊಬ್ಬರು ಬೇಸತ್ತರೆ ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ.

ಹುಡುಗರನ್ನು ಕೆಲಸ ಕಲಿಯಲು ಕಳುಹಿಸುವಾಗಲೂ ಡಾನ್ ಬೋಸ್ಕೊರವರ ಎಚ್ಚರವು ತಪ್ಪುತ್ತಿರಲಿಲ್ಲ. 1852ರ ಫೆಬ್ರವರಿಯಲ್ಲಿ ಜೋಸೆಫ್ ಒಡಾಸ್ಸೊ ಎಂಬ ಹುಡುಗನನ್ನು ಬಡಗಿಯೊಬ್ಬರ ಬಳಿ ಬಿಡುವಾಗ ಅವರು ಛಾಪಾ ಕಾಗದದ ಮೇಲೆ ಕರಾರು ಬರೆಸಿಕೊಂಡರು. ಹುಡುಗನು ತಪ್ಪು ಮಾಡಿದರೆ ಯಜಮಾನನು ಮಾತಿನಿಂದ ಮಾತ್ರ ತಿದ್ದತಕ್ಕದ್ದು, ಕೈಮಾಡಕೂಡದು. ಹಬ್ಬದ ದಿನಗಳಲ್ಲಿ ದುಡಿಸಕೂಡದು. ನಮ್ಮ ದೇಶದಲ್ಲಿ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ವಿಧಿಯು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅದಕ್ಕೂ ನೂರೈವತ್ತೆಂಟು ವರ್ಷಗಳ ಹಿಂದೆ ಒಬ್ಬ ಬಡ ಯಾಜಕರು ಬಡಗಿಯಿಂದ ಇದಕ್ಕೆ ರುಜು ಹಾಕಿಸಿಕೊಂಡಿದ್ದರು. ಆ ಕಾಲಕ್ಕೆ ನಮ್ಮ ಕೂಲಿಮಠಗಳಲ್ಲಿ ಕೋದಂಡವೇರಿಸುವ ಶಿಕ್ಷೆಯಿತ್ತೆಂಬುದನ್ನು ಹಿರಿಯರಿಂದ ಕೇಳಿದವರು ಈ ಕರಾರಿನ ತೂಕವನ್ನು ಊಹಿಸಬಲ್ಲರು. ಕೋದಂಡವು ಹೋದರೂ ಬಸ್ಕಿ, ಕಿವಿ ಹಿಂಡುವುದು, ಬೆಂಚಿನ ಮೇಲೆ ನಿಲ್ಲಿಸುವುದು ನಮ್ಮ ಕಾಲದವರೆಗೂ ನಡೆದುಬಂದವು. ದಂಡಂ ದಶಗುಣಂ ಎಂಬ ಮಾತನ್ನು ನಂಬಿದವರಲ್ಲಿ ನಮ್ಮ ಕಾನ್ವೆಂಟ್ ಶಾಲೆಗಳೂ ಹಿಂದೆ ಬಿದ್ದಿರಲಿಲ್ಲ ಎಂಬುದನ್ನು ಈ ಅಂಕಣದಲ್ಲಿ ಒಪ್ಪಿಕೊಳ್ಳಬೇಕು.

ಹಾಗಾದರೆ ಬೆತ್ತದ ಜಾಗದಲ್ಲಿ ಡಾನ್ ಬೋಸ್ಕೊರವರು ಏನನ್ನು ಇಟ್ಟರು? ಬೆತ್ತವನ್ನು ಎಸೆದು ಆ ಜಾಗವನ್ನು ಖಾಲಿ ಬಿಟ್ಟರೆ ಗೊಂದಲವೇ ಉಳಿಯುತ್ತದೆ. ನಮ್ಮ ಶಿಕ್ಷಕಿಯ ಸಂಕಟವೂ ಅದೇ. ಅವರು ಅಲ್ಲಿ ತಮ್ಮನ್ನೇ ಇಟ್ಟರು. 1877ರಲ್ಲಿ ಬರೆದ ಕಿರುಹೊತ್ತಗೆಯಲ್ಲಿ ಶಿಸ್ತಿನ ಎರಡು ಪದ್ಧತಿಗಳನ್ನು ಹೋಲಿಸಿದರು. ಒಂದು ದಮನದ ಪದ್ಧತಿ: ನಿಯಮವನ್ನು ಸಾರಿ, ದೂರದಲ್ಲಿ ನಿಂತು, ತಪ್ಪಿದವನನ್ನು ಹಿಡಿದು ದಂಡಿಸುವುದು. ಇನ್ನೊಂದು ಮುನ್ನೆಚ್ಚರಿಕೆಯ ಪದ್ಧತಿ: ನಿಯಮವನ್ನು ಮೊದಲೇ ತಿಳಿಸಿ, ಹಿರಿಯರು ಸದಾ ಮಕ್ಕಳ ನಡುವೆಯೇ ಇದ್ದು, ತಪ್ಪು ಮಾಡುವ ಸಂದರ್ಭವೇ ಬಾರದಂತೆ ನೋಡಿಕೊಳ್ಳುವುದು. ವಿವೇಕ, ಧರ್ಮ, ವಾತ್ಸಲ್ಯ, ಇವು ಮೂರು ಅದರ ಆಧಾರ. ಮಕ್ಕಳಿಗೆ ಓಡಲು, ನೆಗೆಯಲು, ಮನಸಾರೆ ಕೂಗಾಡಲು ಸ್ವಾತಂತ್ರ್ಯವಿರಬೇಕು. ಸಂಗೀತ, ನಾಟಕ, ಪ್ರವಾಸಗಳು ಶಿಸ್ತಿನ ಸಾಧನಗಳೇ. ಹೊಡೆಯುವುದು ಸಲ್ಲದು. ತಪ್ಪನ್ನು ಆದಷ್ಟೂ ಏಕಾಂತದಲ್ಲಿ ತಿಳಿಹೇಳಬೇಕು, ಹತ್ತು ಜನರ ಮುಂದೆ ಮಾನ ಕಳೆಯಬಾರದು. ಪ್ರೀತಿಸುವ ಗುರುವಿನ ಮುಖದಲ್ಲಿ ಒಂದು ಕ್ಷಣ ಅಕ್ಕರೆಯು ಕಾಣದಿದ್ದರೆ ಮಗುವಿಗೆ ಅದೇ ಶಿಕ್ಷೆಯಾದೀತು. ಈ ಪದ್ಧತಿಯು ವಿದ್ಯಾರ್ಥಿಗೆ ಸುಲಭ, ಗುರುವಿಗೆ ಕಷ್ಟ ಎಂಬುದನ್ನು ಅವರು ಮುಚ್ಚಿಡಲಿಲ್ಲ. ಅವರ ಬಳಿ ಕಟ್ಟುನಿಟ್ಟೂ ಇತ್ತು. ಇತರರನ್ನು ಕೆಡಿಸುವ ಹುಡುಗರನ್ನು ಸಂಸ್ಥೆಯಿಂದ ಕಳುಹಿಸಿಯೇಬಿಟ್ಟ ಸಂದರ್ಭಗಳುಂಟು.

ಒಬ್ಬರೇ ನೂರಾರು ಮಕ್ಕಳ ನಡುವೆ ಹೇಗಿರುವುದು ಎಂಬ ಆಕ್ಷೇಪವು ಸಹಜ. ಡಾನ್ ಬೋಸ್ಕೊರವರು ಹುಡುಗರಲ್ಲಿಯೇ ದೊಡ್ಡವರನ್ನು ಆರಿಸಿ ತರಬೇತಿ ಕೊಟ್ಟು ಚಿಕ್ಕವರ ಜೊತೆಗೆ ಬಿಟ್ಟರು. 1859ರ ಡಿಸೆಂಬರ್ 18ರಂದು ಸಲೇಸಿಯನ್ ಸಭೆಯು ಆರಂಭವಾದಾಗ ಅವರ ಸುತ್ತ ಕುಳಿತಿದ್ದವರು ಬಹುಪಾಲು ಅವರ ಕೈಯಲ್ಲಿ ಬೆಳೆದ ತರುಣರೇ. ಶಿಷ್ಯ ಡೊಮಿನಿಕ್ ಸಾವಿಯೊ ಸಂತ ಪದವಿಗೇರಿದುದನ್ನು ಎಲ್ಲರೂ ಬಲ್ಲರು. ನಮಗೆ ಅವನಿಗಿಂತಲೂ ಮೈಕೆಲ್ ಮಗೋನೆಯ ಕಥೆ ಹೆಚ್ಚು ಹತ್ತಿರವೆನಿಸುತ್ತದೆ. 1857ರ ಶರತ್ಕಾಲದ ಒಂದು ಸಂಜೆ ಕಾರ್ಮನ್ಯೋಲ ರೈಲು ನಿಲ್ದಾಣದಲ್ಲಿ ಗಾಡಿಗಾಗಿ ಕಾಯುತ್ತಿದ್ದ ಡಾನ್ ಬೋಸ್ಕೊರವರಿಗೆ ಮಂಜಿನೊಳಗಿಂದ ಹುಡುಗರ ಕೂಗಾಟ ಕೇಳಿಸಿತು. ನೇರವಾಗಿ ಅವರ ನಡುವೆ ಹೋಗಿ ನಿಂತರು. ಎಲ್ಲರೂ ಚದುರಿದರು, ಗುಂಪಿನ ನಾಯಕ ಮಗೋನೆ ಮಾತ್ರ ಸೊಂಟದ ಮೇಲೆ ಕೈಯಿಟ್ಟು, ನಮ್ಮ ಆಟಕ್ಕೆ ಅಡ್ಡಬರಲು ನೀವಾರು ಎಂದು ಪ್ರಶ್ನಿಸಿದನು. ತಂದೆಯಿಲ್ಲದ, ಶಾಲೆಯಿಂದ ಹೊರದೂಡಲ್ಪಟ್ಟಿದ್ದ ಹುಡುಗ. ವಾಲ್ಡೊಕ್ಕೊಗೆ ಬಂದ ಮೇಲೆ ಆಟದ ಬಯಲಿನಲ್ಲಿ ಅವನದೇ ರಾಜ್ಯ. ಒಂದು ತಿಂಗಳು ಕಳೆಯುವಷ್ಟರಲ್ಲಿ ಅವನು ಮಂಕಾದನು, ಮೂಲೆಯಲ್ಲಿ ಕುಳಿತು ಅಳತೊಡಗಿದನು. ಗದ್ದಲವು ನಿಂತಿತೆಂದು ಬೇರೆ ಮೇಷ್ಟರಾದರೆ ಸಂತೋಷಪಡುತ್ತಿದ್ದರೇನೋ! ಡಾನ್ ಬೋಸ್ಕೊರವರು ಅವನನ್ನು ಕರೆದು ವಿಚಾರಿಸಿದರು. ಹುಡುಗನ ಮನಸ್ಸಿನಲ್ಲಿ ಹಳೆಯ ತಪ್ಪುಗಳ ಭಾರವಿತ್ತು. ಪಾಪನಿವೇದನೆಯ ನಂತರ ಆ ಭಾರವು ಇಳಿಯಿತು, ಹಳೆಯ ನಗೆಯು ಮರಳಿತು. 1859ರ ಜನವರಿಯಲ್ಲಿ ಮಗೋನೆ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡಾಗ ಅವನ ಗುರುವು ಈ ತುಂಟನ ಜೀವನಚರಿತ್ರೆಯನ್ನು ಬರೆದು ಪ್ರಕಟಿಸಿದರು.

ಸಭೆಯು ಬೆಳೆಯಿತು. 1872ರಲ್ಲಿ ಮರಿಯ ಮಜ್ಜರೆಲ್ಲೊರವರೊಡನೆ ಕನ್ಯಾಸ್ತ್ರೀಯರ ಸಭೆ, 1875ರಲ್ಲಿ ಅರ್ಜೆಂಟೈನಾಕ್ಕೆ ಧರ್ಮಪ್ರಚಾರಕರು. ಆದರೆ ಬೆಳೆದ ಮನೆಯಲ್ಲಿ ಹಳೆಯ ಬಿಸುಪು ಆರುತ್ತಿತ್ತು. 1884ರ ಮೇ 10ರಂದು ರೋಮಿನಿಂದ ಅವರು ಬರೆದ ಪತ್ರವು, ನಮ್ಮ ದೃಷ್ಟಿಯಲ್ಲಿ, ಶಿಕ್ಷಕರಾದವರೆಲ್ಲ ಓದಬೇಕಾದುದು. ಕನಸಿನಲ್ಲಿ ಕಂಡ ಎರಡು ಆಟದ ಬಯಲುಗಳನ್ನು ಅವರು ಅದರಲ್ಲಿ ಬಣ್ಣಿಸುತ್ತಾರೆ. ಹಿಂದಿನ ಕಾಲದ ಬಯಲಿನಲ್ಲಿ ಹುಡುಗರೂ ಗುರುಗಳೂ ಒಟ್ಟಿಗೆ ಓಡುತ್ತಿದ್ದರು, ನಗುತ್ತಿದ್ದರು. ಈಗಿನ ಬಯಲಿನಲ್ಲಿ ಹುಡುಗರು ಕಂಬಗಳಿಗೆ ಒರಗಿ ಬೇಸರದಿಂದ ನಿಂತಿದ್ದರು. ಗುರುಗಳು ತಮ್ಮತಮ್ಮಲ್ಲೇ ಮಾತಾಡುತ್ತಾ ಅಡ್ಡಾಡುತ್ತಿದ್ದರು, ಇಲ್ಲವೇ ದೂರದಿಂದ ಕಾವಲು ಕಾಯುತ್ತಿದ್ದರು. ಆ ಗುರುಗಳು ಮಕ್ಕಳನ್ನು ಪ್ರೀತಿಸುತ್ತಿರಲಿಲ್ಲವೆಂದಲ್ಲ; ಮಕ್ಕಳಿಗಾಗಿ ಹಗಲಿರುಳು ದುಡಿಯುತ್ತಿದ್ದರು. ಆದರೆ ತಮ್ಮನ್ನು ಪ್ರೀತಿಸುತ್ತಾರೆಂಬುದು ಮಕ್ಕಳಿಗೆ ತಿಳಿಯುತ್ತಿರಲಿಲ್ಲ. ಆ ಅರಿವು ಇಲ್ಲದಲ್ಲಿ ವಿಶ್ವಾಸವಿಲ್ಲ, ವಿಶ್ವಾಸವಿಲ್ಲದಲ್ಲಿ ನಿಯಮಗಳ ಮೇಲೆ ನಿಯಮ ಹೇರಬೇಕಾಗುತ್ತದೆ ಎಂಬುದು ಅವರ ಅಳಲು. ತಾವೇ ಕಟ್ಟಿದ ಮನೆಯ ಬಗ್ಗೆ, ಅರವತ್ತೆಂಟರ ವಯಸ್ಸಿನಲ್ಲಿ, ದೇಹವು ಜರ್ಜರಿತವಾಗಿದ್ದಾಗ ಅವರು ಹೀಗೆ ಬರೆದರು.

1888ರ ಜನವರಿ 31ರ ನಸುಕಿನಲ್ಲಿ ಅವರು ತುರಿನ್‌ನಲ್ಲಿ ದೈವಾಧೀನರಾದರು. 1934ರ ಏಪ್ರಿಲ್ 1ರಂದು, ಪುನರುತ್ಥಾನದ ಮಹೋತ್ಸವದ ದಿನ, ಜಗದ್ಗುರು ಹನ್ನೊಂದನೆಯ ಭಕ್ತಿನಾಥರು ಅವರನ್ನು ಸಂತರೆಂದು ಘೋಷಿಸಿದರು.

ಸಲೇಸಿಯನ್ನರು ಭಾರತಕ್ಕೆ ಬಂದದ್ದು 1906ರಲ್ಲಿ, ತಂಜಾವೂರಿಗೆ. ನಮ್ಮ ಕರ್ನಾಟಕದಲ್ಲಿ ಅವರ ಕೆಲಸಗಳ ಪೈಕಿ ನಮ್ಮ ಮನಸ್ಸಿಗೆ ತಟ್ಟುವುದು ಬೆಂಗಳೂರಿನ ಬೀದಿಮಕ್ಕಳ ನಡುವೆ 1980ರಲ್ಲಿ ಆರಂಭವಾದದ್ದು. ಬೆಂಗಳೂರು ಓಣಿಯವರ ಸೇವಾ ಕೂಟ ಎಂದು ಅದಕ್ಕೆ ಹೆಸರು. ಅದರ ಮೊದಲಕ್ಷರಗಳನ್ನು ಇಂಗ್ಲಿಷಿನಲ್ಲಿ ಕೂಡಿಸಿ ಓದಿದರೆ ಬೋಸ್ಕೊ ಎಂದೇ ಆಗುತ್ತದೆ. ಮನೆಯಿಂದಲೋ ಶಾಲೆಯಿಂದಲೋ ಏಟು ತಿಂದು ಓಡಿಬಂದ ಹುಡುಗ ರೈಲು ನಿಲ್ದಾಣದಲ್ಲಿ ಇಳಿದಾಗ ಆ ಕೂಟದ ಕಾರ್ಯಕರ್ತರು ಅವನ ಬಳಿಗೆ ಹೋಗಿ, ಯಾವ ಊರಪ್ಪಾ, ಊಟವಾಯಿತೇ ಎಂದು ವಿಚಾರಿಸಿ ಮಾತಿಗೆ ತೊಡಗುತ್ತಾರೆ.